ಬೆನ್ನಿಗೆ ಒರಗಿದ ತಲೆ

ಸ್ಕೂಟರಿನ ಹಿಂದೆ ಕೂತ ಮಗಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ನಿಮ್ಮ ಬೆನ್ನಿಗೆ ತಲೆ ಒರಗಿಸಿದರೆ ಏನನ್ನಿಸುತ್ತದೆ? ಪ್ರೀತಿ ಉಕ್ಕುತ್ತದೆ, ಅಲ್ಲವೇ? ಕಳೆದ ಭಾನುವಾರ ನನಗೆ ಕೈಕಾಲು ತಣ್ಣಗಾದವು.

ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಸಂಜೆ ಅಕ್ಕನ ಮಕ್ಕಳು ಬೀದಿಯಲ್ಲಿ ಮುಟ್ಟಾಟಕ್ಕೆ ಇಳಿದರು. ನನ್ನ ಹತ್ತು ವರ್ಷದ ಸಿಂಧುವನ್ನೂ ಎಳೆದುಕೊಂಡು ಹೋದರು. (ನಮ್ಮನೆಯಲ್ಲಿ ಆಟ ಅಂದರೆ ವಿಡಿಯೋ ಗೇಮ್. ಓಡುವುದು ಹೆಬ್ಬೆರಳು ಮಾತ್ರ.)

ಸ್ವಲ್ಪ ಹೊತ್ತಿಗೇ ಕೂಗು ಕೇಳಿಸಿತು. "ಚಿಕ್ಕಮ್ಮಾ, ಸಿಂಧು ಕೂತ್ಬಿಟ್ಟಿದ್ದಾಳೆ. ಮಾತೇ ಆಡ್ತಿಲ್ಲ!"

ಪಕ್ಕದ ಮನೆಯ ಜಗಲಿಗೆ ಒರಗಿದ್ದಳು. ಮುಖ ಬಿಳಿಚಿಕೊಂಡಿತ್ತು. ಎದೆಯ ಮೇಲೆ ಕೈ. "ಅಮ್ಮಾ, ಒಳಗಡೆ ಯಾರೋ ಗುದ್ದಿದ ಹಾಗಾಗ್ತಿದೆ" ಎಂದಳು. ನಾನು ಕೂಗಾಡತೊಡಗಿದೆ.

ಅಕ್ಕ ನೀರು ಕುಡಿಸಿದಳು, ಗಾಳಿ ಹಾಕಿದಳು. "ಸುಮ್ನಿರೇ ಮಾರಾಯ್ತಿ, ಅಭ್ಯಾಸ ಇಲ್ಲ ಅಷ್ಟೆ" ಎಂದು ನನ್ನನ್ನೇ ಗದರಿದಳು. ಅರ್ಧ ಗಂಟೆಯಲ್ಲಿ ಸಿಂಧು ಸುಧಾರಿಸಿಕೊಂಡಳು. ನಾನು ಸುಧಾರಿಸಿಕೊಳ್ಳಲಿಲ್ಲ.

ದುಪಟ್ಟಾದಿಂದ ಅವಳನ್ನು ಸೊಂಟಕ್ಕೆ ಕಟ್ಟಿಕೊಂಡು ಶಿವಮೊಗ್ಗದ ನಮ್ಮ ಮನೆಯ ಕಡೆ ಸ್ಕೂಟರ್ ಹೊರಡಿಸಿದೆ. ದಾರಿಯುದ್ದಕ್ಕೂ ಮಾತಾಡಿಸುತ್ತಲೇ ಇದ್ದೆ. ಊರು ದಾಟಿದ ಮೇಲೆ ಉತ್ತರ ನಿಂತಿತು. ತಲೆ ಬೆನ್ನಿಗೆ ಬಿತ್ತು.

"ಸಿಂಧೂ!"

ಗಾಡಿ ನಿಲ್ಲಿಸಿ ಅವಳ ಕೆನ್ನೆ ತಟ್ಟಿದೆ. ಕಣ್ಣು ಬಿಟ್ಟಳು. "ಏನಮ್ಮಾ? ನಿದ್ದೆ ಬಂದಿತ್ತು."

ಮಾರನೇ ದಿನ ಡಾಕ್ಟರು ಇಸಿಜಿ ಮಾಡಿಸಿದರು. ಎಲ್ಲ ಸರಿಯಾಗಿದೆ ಎಂದರು. ಆಮೇಲೆ ಕೇಳಿದರು, "ಇವಳು ದಿನಾ ಎಷ್ಟು ಓಡ್ತಾಳೆ?"

ಶಾಲೆಗೆ ಆಟೋ. ಟ್ಯೂಷನ್‌ಗೆ ಸ್ಕೂಟರ್. ಅದನ್ನೇ ಹೇಳಿದೆ.

"ಪೀಟಿ ಪೀರಿಯಡ್ ಇರುತ್ತಲ್ಲ?"

"ಅದನ್ನ ಮ್ಯಾಥ್ಸ್‌ಗೆ ಕೊಟ್ಟಿದ್ದಾರೆ ಅಂಕಲ್" ಎಂದಳು ಸಿಂಧು. (ಪೇರೆಂಟ್ಸ್ ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದ್ದೆವು.)

ಡಾಕ್ಟರು ಕನ್ನಡಕ ತೆಗೆದಿಟ್ಟರು. "ನೋಡಮ್ಮ, ಮೈಯ ಒಂದೊಂದು ಜೀವಕೋಶದಲ್ಲೂ ಪುಟ್ಟ ಪುಟ್ಟ ಒಲೆಗಳಿರ್ತವೆ. ತಿಂದಿದ್ದನ್ನ ಶಕ್ತಿ ಮಾಡೋದು ಅವೇ. ಮಕ್ಕಳು ಓಡಿದ್ರೆ ಒಲೆ ಹೆಚ್ಚಾಗ್ತವೆ, ಕೂತ್ರೆ ಕಮ್ಮಿಯಾಗ್ತವೆ. ಹಾರ್ಟೂ ಒಂದು ಮಾಂಸಖಂಡವೇ. ಈಗೇನೂ ತೊಂದ್ರೆ ಇಲ್ಲ. ಹೀಗೇ ಕೂರಿಸಿಟ್ರೆ ಮುಂದೊಂದು ದಿನ ಬರಬಹುದು."

ತೊಂದರೆ ಇಲ್ಲ ಎಂದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಿಲ್ಲ. ಕಾಯಿಲೆಯಾಗಿದ್ದರೆ ಮಾತ್ರೆ ನುಂಗಿಸಬಹುದಿತ್ತು. ಇದು ನಾವೇ ಅಕ್ಕರೆಯಿಂದ ಸಾಕಿದ್ದು. ಈಗಲೂ ಅವಳು ಮಲಗಿದ್ದರೆ ಎದೆಯ ಮೇಲೆ ಕೈಯಿಟ್ಟು ನೋಡುತ್ತೇನೆ.

ಸಿಂಧು ಈಗ ಶಾಲೆಗೆ ನಡೆದೇ ಹೋಗುತ್ತಾಳೆ. ಆಲ್ಕೊಳ ಸರ್ಕಲ್ಲಿನ ಲಾರಿಗಳಿಗೆ ಹೆದರಿ ನಾನೂ ಜೊತೆಗೆ ಹೋಗುತ್ತೇನೆ. (ಏದುಸಿರು ಬಿಡುವುದು ಯಾರು ಅಂತ ಕೇಳಬೇಡಿ.)

ಈ ಶನಿವಾರ ಮತ್ತೆ ಮೀಟಿಂಗ್ ಇದೆ. ಆಟದ ಮೈದಾನದಲ್ಲಿ ಕಂಪ್ಯೂಟರ್ ಲ್ಯಾಬ್ ಕಟ್ಟುತ್ತಾರಂತೆ.

ಚಪ್ಪಾಳೆ ತಟ್ಟುವವರು ಯಾರು ಯಾರು?