ನರ್ಸಮ್ಮನ ಪಾಠಕ್ಕೆ ಸಿಕ್ಕ ಅನುಮತಿ

ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಮೂರು ವರ್ಷ ಸವೆಸಿದ್ದ ನರ್ಸಮ್ಮನಿಗೆ ಊರಿನ ದೊಡ್ಡವರ ಮೇಲೆ ಮರ್ಯಾದೆ ಉಳಿದದ್ದು ಅಷ್ಟಕ್ಕಷ್ಟೆ. ಇದ್ದಷ್ಟೂ ಹೋದದ್ದು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೊಟ್ಟೆನೋವೆಂದು ಬಂದ ದಿನ.

ಹುಡುಗಿ ಯೂನಿಫಾರ್ಮಿನಲ್ಲೇ ಇದ್ದಳು. ಅಜೀರ್ಣವಿರಬೇಕು ಎಂದಳು ತಾಯಿ. ಏಳು ತಿಂಗಳಾಗಿತ್ತು. ಮಗು ಉಳಿಯಲಿಲ್ಲ, ಹುಡುಗಿ ಉಳಿದದ್ದೇ ಹೆಚ್ಚು. ಡ್ರಿಪ್ ಬದಲಾಯಿಸುತ್ತಿದ್ದಾಗ ಅವಳು ಪಿಸುಗುಟ್ಟಿದಳು: "ಅಕ್ಕಾ, ಹೀಗಾಗುತ್ತೆ ಅಂತ ನಂಗ್ಯಾರೂ ಹೇಳೇ ಇರ್ಲಿಲ್ಲ."

ಶಾಲೆಯವರು ಅದೇ ವಾರ ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದರು. ಆ ಆಡಳಿತ ಮಂಡಳಿ ಹುಟ್ಟಿದಾಗಿನಿಂದ ತಡಮಾಡದೆ ಮುಗಿಸಿದ ಕೆಲಸ ಅದೊಂದೇ. ಬಸುರಿಗೆ ಕಾರಣನಾದ ಹುಡುಗ ಮಾತ್ರ ಅದೇ ಕ್ಲಾಸಿನಲ್ಲಿ ಕೂತು ಪರೀಕ್ಷೆ ಬರೆದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ವಾರಕ್ಕೊಂದು ಗಂಟೆ ಕೊಡಿ, ಹುಡುಗ ಹುಡುಗಿಯರಿಬ್ಬರಿಗೂ ಮೈಯ ವಿಷಯ, ಬಸುರಿನ ವಿಷಯ, ಸೋಂಕಿನ ವಿಷಯ ಹೇಳುತ್ತೇನೆ ಎಂದು ನರ್ಸಮ್ಮ ಅರ್ಜಿ ಬರೆದಳು. ಮಂಡಳಿಯ ಅಧ್ಯಕ್ಷರು ಬಟ್ಟೆ ಅಂಗಡಿಯವರು. ಬಾಯಿ ತೆರೆದರೆ ನೀತಿ ಉದುರುತ್ತಿದ್ದುದರಿಂದ ಜನ ಅವರನ್ನು ನೀತಿಯಣ್ಣ ಎನ್ನುತ್ತಿದ್ದರು. ಅವರು ಅವಳನ್ನು ಸಭೆಗೆ ಕರೆಸಿದರು.

"ನರ್ಸಮ್ಮ, ಇದೆಲ್ಲ ಗೊತ್ತಿಲ್ದಿದ್ರೇನೇ ಮಕ್ಳು ಮಕ್ಕಳಾಗಿರ್ತಾರೆ. ಬೇಕಾದ್ರೆ ಕೈ ತೊಳೆಯೋದ್ರ ಬಗ್ಗೆ ಹೇಳಿ."

"ಆ ಹುಡುಗಿ ವಿಷಯದಲ್ಲಿ ನೀವೆಲ್ಲ ಚೆನ್ನಾಗೇ ಕೈ ತೊಳ್ಕೊಂಡಿದ್ದೀರಲ್ಲ ಸಾರ್. ನಾನೇನು ಕಲಿಸ್ಲಿ?"

ಹೆಡ್‌ಮಾಸ್ಟರು ಫ್ಯಾನನ್ನು ಇವತ್ತೇ ಕಂಡವರಂತೆ ತಲೆಯೆತ್ತಿ ನೋಡುತ್ತ ಕೂತರು. ಅರ್ಜಿ ಬಿದ್ದುಹೋಯಿತು. ಮರುದಿನದಿಂದ ನರ್ಸಮ್ಮ ಡ್ಯೂಟಿ ಮುಗಿಸಿ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಕರಪತ್ರ ಹಂಚತೊಡಗಿದಳು. ನೀತಿಯಣ್ಣನ ದೂರಿನಿಂದ ಆಸ್ಪತ್ರೆಗೆ ನೋಟೀಸು ಬಂತು. ಅವಳು ಅದಕ್ಕೆ ಎರಡು ಸಾಲಿನ ಉತ್ತರ ಬರೆದು, ಮತ್ತೆ ಗೇಟಿಗೆ ಹೋದಳು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಅವಳಿಗೆ ಆ ದಿನ ಡ್ಯೂಟಿ ಹಾಕಿದ್ದ ಹೊರರೋಗಿಗಳ ಕೋಣೆ ಖಾಲಿಯಾಗುವವರೆಗೆ ಕಾದು ನೀತಿಯಣ್ಣ ಒಳಗೆ ಬಂದರು.

"ನನ್ನ ಸ್ನೇಹಿತರೊಬ್ರಿಗೆ... ಮೂತ್ರಕ್ಕೆ ಹೋದ್ರೆ ಉರಿಯಂತೆ."

"ಅವರನ್ನೇ ಕಳ್ಸಿ. ಜೊತೆಗೆ ಅವರ ಹೆಂಡ್ತೀನೂ ಬರ್ಲಿ."

"ಹೆಂಡ್ತಿ ಯಾಕೆ?"

"ಸ್ನೇಹಿತರು ಹೊರಗಿಂದ ತಂದದ್ದನ್ನ ಮನೆಯಲ್ಲೂ ಹಂಚಿರ್ತಾರಲ್ಲ, ಅದಕ್ಕೆ."

ನೀತಿಯಣ್ಣ ಕುರ್ಚಿ ಎಳೆದುಕೊಂಡು ಕೂತರು. ಐದು ನಿಮಿಷ ಬೆವರು ಒರೆಸಿಕೊಂಡ ಮೇಲೆ ಸ್ನೇಹಿತ ಮಾಯವಾದ, ಅವರೊಬ್ಬರೇ ಉಳಿದರು. ನರ್ಸಮ್ಮ ಚೀಟಿ ಬರೆದು ಡಾಕ್ಟರ ಬಳಿ ಕಳಿಸಿದಳು. ಮಾರನೆಯ ದಿನ ಹೆಂಡತಿ ಬಂದರು. ಕಿಬ್ಬೊಟ್ಟೆಯ ನೋವನ್ನು ಮನೆಗೆಲಸದ ಸುಸ್ತೆಂದು ನುಂಗಿಕೊಂಡಿದ್ದ ಹೆಂಗಸು. ನರ್ಸಮ್ಮ ಬಾಗಿಲು ಹಾಕಿಕೊಂಡು, ಕೈ ಹಿಡಿದುಕೊಂಡು, ಕಾಯಿಲೆ ಏನು, ಹೇಗೆ ಬರುತ್ತದೆ ಎಂಬುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಆ ಕೋಣೆಯ ಮಾತು ಹೊರಗೆ ಹೋಗಲಿಲ್ಲ. ಅದು ಅವಳ ಕಸುಬಿನ ನೇಮ.

ಮೂರನೆಯ ದಿನ ಅನುಮತಿ ಪತ್ರ ಬಂತು. ಕೆಳಗೆ ನೀತಿಯಣ್ಣನ ಅಂಕುಡೊಂಕಾದ ಸಹಿ. ಅವಳ ಬಾಯಿ ಮುಚ್ಚಿಸಲು ಅದೇ ಬೆಲೆ ಎಂದುಕೊಂಡಿದ್ದರು ಮಹಾನುಭಾವರು! ನರ್ಸಮ್ಮನಿಗೆ ಆ ಮನುಷ್ಯನ ರೋಗದಿಂದ ಆಗದಿದ್ದ ಹೇಸಿಗೆ ಆ ಸಹಿಯಿಂದಾಯಿತು. "ಥೂ, ನನ್ನನ್ನೂ ತನ್ನ ಹಾಗೇ ಅಂದ್ಕೊಂಡನಲ್ಲ" ಎಂದು ಪತ್ರವನ್ನು ಹರಿಯಲು ಹೊರಟವಳು, ಮಕ್ಕಳ ನೆನಪಾಗಿ, ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಸೋಮವಾರ ನರ್ಸಮ್ಮ ಕ್ಲಾಸಿನಲ್ಲಿ ಮೈಯ ಚಾರ್ಟು ತೂಗುಹಾಕುತ್ತಲೇ ಹೆಡ್‌ಮಾಸ್ಟರು ಏನೋ ಕೆಲಸ ನೆನಪಾದವರಂತೆ ಹೊರಗೆ ನಡೆದರು. ಹುಡುಗರು ಕಿಸಕ್ಕೆಂದರು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಕ್ಕಾ, ಮೊದಲ್ನೇ ಸಲ ಏನೂ ಆಗಲ್ಲ ಅಂತಾರಲ್ಲ, ನಿಜವಾ?"

ಕಿಸಕ್ಕೆಂದವರೂ ಮುಂದಕ್ಕೆ ಬಾಗಿದರು.

"ಶುದ್ಧ ಸುಳ್ಳು. ಕೂತ್ಕೋ, ಹೇಳ್ತೀನಿ" ಎಂದು ನರ್ಸಮ್ಮ ಸೀಮೆಸುಣ್ಣ ಎತ್ತಿಕೊಂಡಳು.