ಅಣ್ಣನ ಹೆಸರಿನ ಪೆನ್ನಿ

ಆ ಶನಿವಾರವೂ ರೆಕ್ಕೆಗೆ ನೀಲಿ ಪಟ್ಟಿಯಿದ್ದ ಹೆಣ್ಣು ಪೆಂಗ್ವಿನ್ ನನ್ನ ಕೈಯಿಂದಲೇ ಮೀನು ತಿಂದಿತು. ಆಫ್ರಿಕಾದ ಕರಾವಳಿಯಲ್ಲಿ ಹಡಗುಗಳಿಂದ ಸೋರುವ ಎಣ್ಣೆಗೆ ಸಿಕ್ಕಿ ಅಳಿಯುತ್ತಿರುವ ಜಾತಿ ಅದು. ಸ್ಯಾನ್ ಫ್ರಾನ್ಸಿಸ್ಕೋದ ಅಕ್ವೇರಿಯಂನಲ್ಲಿ ಅದನ್ನು ಮರಿಯಿಂದ ಸಾಕಿದವರು, ಶನಿವಾರಗಳಂದು ಸಂಬಳವಿಲ್ಲದೆ ದುಡಿಯುತ್ತಿದ್ದ ನನ್ನ ಗಂಡ. ಅವರು ತೀರಿಕೊಂಡ ಮೇಲೆ ಮೀನಿನ ಬಕೆಟ್ಟು ನಾನು ಹಿಡಿದೆ.

ಅಂದು ಮಂಡ್ಯದಿಂದ ಬಂದಿದ್ದ ನಾದಿನಿಯೂ ಜೊತೆಗಿದ್ದಳು. ನಾನು ಬಕೆಟ್ಟು ತೊಳೆಯಲು ಒಳಗೆ ಹೋದಾಗ, ಕಾವೇರಿ ದಾಟುವಾಗ ಮಾಡುವಂತೆ ಅವಳು ಪೆಂಗ್ವಿನ್‌ಗಳ ಕೊಳಕ್ಕೆ ಒಂದು ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಎಸೆದು ಕೈಮುಗಿದಿದ್ದಳು. ಹೊಳೆಯುತ್ತಾ ಮುಳುಗಿದ್ದನ್ನು ಪೆಂಗ್ವಿನ್ ಮೀನೆಂದು ನುಂಗಿತು. ಈಗಿನ ಪೆನ್ನಿಯ ಒಳಗಿರುವುದು ಸತು. ಹೊಟ್ಟೆಯಲ್ಲಿ ಕರಗಿ ಅದು ವಿಷವಾಯಿತು. ಹಕ್ಕಿ ಸತ್ತು, ಡಾಕ್ಟರು ಕೊಯ್ದು ನೋಡಿದಾಗಲೇ ನಾಣ್ಯ ಸಿಕ್ಕಿದ್ದು.

"ನಾಣ್ಯ ಎಸೀಬೇಡಿ ಅನ್ನೋ ಬೋರ್ಡು ಓದಿದ್ದೆ ಅತ್ತಿಗೆ. ಆದ್ರೆ ಅಣ್ಣನ ಹೆಸರಲ್ಲಿ ಒಂದೇ ಒಂದು ಅಲ್ವಾ ಹಾಕಿದ್ದು? ಒಂದು ಹಕ್ಕಿಗೆ ಇಷ್ಟು ರಂಪನಾ?" ಎಂದಳು ನಾದಿನಿ.

"ನಿಮ್ಮಣ್ಣ ಕೈಯಾರೆ ಸಾಕಿದ ಹಕ್ಕಿ ಕಣೇ ಅದು" ಎಂದೆ.

ಅವಳು ಊರಿಗೆ ಹೋದಳು, ನನ್ನ ಸಿಟ್ಟು ಹೋಗಿಲ್ಲ. ಸತ್ತ ಹಕ್ಕಿಯ ಜೊತೆಯ ಗಂಡು ಪೆಂಗ್ವಿನ್ ಈಗಲೂ ಗೂಡಿನ ಬಾಯಲ್ಲಿ ನಿಂತು ಕೂಗುತ್ತದೆ. ಈ ವರ್ಷ ಆ ಗೂಡಿನಲ್ಲಿ ಮೊಟ್ಟೆಯಿಲ್ಲ.