ಹಳದಿ ಬಿಲ್ಲೆಯ ಬಾಳೆ ಮೀನು

ಮೀನು ಕೊಳ್ಳುವಾಗ ನೀವು ಏನು ನೋಡುತ್ತೀರೋ ಕಾಣೆ. ಕಿವಿರು ಕೆಂಪಗಿದೆಯೇ, ಕಣ್ಣು ಹೊಳೆಯುತ್ತದೆಯೇ ಎಂದು ನೋಡಬೇಕಂತೆ. ಬಾಳೆ ಮೀನು ಕಂಡರೆ ನನ್ನ ಕೈ ಮಾತ್ರ ಅದರ ಬೆನ್ನಿಗೇ ಹೋಗುತ್ತದೆ. ಇಂದು ಬೆಳಿಗ್ಗೆಯೂ ಹೋಯಿತು. "ಕ್ಯಾ ಢೂಂಡ್‌ರೈಂ ಅಮ್ಮಾ? ತಾಜಾ ಹೈ!" ಎಂದು ಮಾರುವವಳು ನಕ್ಕಳು.

ನಾನು ಹುಡುಕುವುದು ಒಂದು ಹಳದಿ ಬಿಲ್ಲೆ. ಇಪ್ಪತ್ತು ವರ್ಷಗಳ ಹಿಂದೆ ಹೈದರಾಬಾದಿನ ಅಂಚಿನ ಮೀನು ಸಂಶೋಧನಾ ಕೇಂದ್ರವೊಂದರಲ್ಲಿ ನನಗೆ ಕೆಲಸವಿತ್ತು. ಮಳೆಗಾಲದಲ್ಲಿ ಮೊಟ್ಟೆಯಿಡಲು ಹೊರಟ ಬಾಳೆ ಮೀನು ಕೃಷ್ಣೆಯಲ್ಲಿ ಎಷ್ಟು ದೂರ ಮೇಲಕ್ಕೆ ಈಜುತ್ತದೆ ಎಂದು ತಿಳಿಯಬೇಕಿತ್ತು. ಮೀನು ಹಿಡಿದು, ಬೆನ್ನಿಗೆ ನಂಬರಿನ ಬಿಲ್ಲೆ ಹೊಲಿದು, ಮತ್ತೆ ಹೊಳೆಗೆ ಬಿಡುವುದು. ಸಿಕ್ಕವರು ಬಿಲ್ಲೆಯನ್ನು ಅದರ ಮೇಲಿನ ವಿಳಾಸಕ್ಕೆ ಕಳಿಸಲೆಂದು ಕಾಯುವುದು. ಎರಡು ಮಳೆಗಾಲ ಕಾದರೂ ಒಂದೂ ಬರಲಿಲ್ಲ. ಅತ್ತ ಅಮೀರ್‌ಪೇಟ್ ಹಾಸ್ಟೆಲಿನ ನನ್ನ ಕೋಣೆಯ ಹುಡುಗಿಯರು ಕಂಪ್ಯೂಟರ್ ಕೋರ್ಸು ಮುಗಿಸಿ ಒಬ್ಬೊಬ್ಬರಾಗಿ ಕೆಲಸ ಹಿಡಿಯುತ್ತಿದ್ದರು. ನಾನು ಒಳಗೆ ಬಂದೊಡನೆ ಕಿಟಕಿ ತೆರೆಯುತ್ತಿದ್ದರು.

ಕೇಂದ್ರದಲ್ಲಿ ಬಲೆ ಬೀಸುವುದು, ಬಿಲ್ಲೆ ಹೊಲಿಯುವುದು ಎಲ್ಲ ಶರಣಪ್ಪನವರ ಕೈ. ರಾಯಚೂರು ಕಡೆಯವರು, ನನ್ನ ತಂದೆಯ ವಯಸ್ಸು. ಮೂರನೆಯ ಮಳೆಗಾಲದ ಒಂದು ದಿನ ಅವರು ಓಡುತ್ತಲೇ ಬಂದರು.

"ಮೇಡಮ್ಮಾರ, ನಮ್ಮ ಬಿಲ್ಲಿ ಸಿಕ್ಕೈತ್ರಿ! ನಮ್ಮೂರ ಹತ್ರ ಒಬ್ಬ ಅಂಬಿಗ ಇಟ್ಕೊಂಡಾನಂತ."

ಮರುದಿನವೇ ಬಸ್ಸು ಹಿಡಿದೆವು. ಬಿಲ್ಲೆ ಇದ್ದದ್ದು ಅಂಬಿಗನ ಐದು ವರ್ಷದ ಮಗಳ ಕೊರಳಲ್ಲಿ, ಕರಿದಾರಕ್ಕೆ ಕಟ್ಟಿ.

"ತಿಂಗಳಿಂದ ಜ್ವರ ಇತ್ರಿ. ಈ ಮೀನ ಸಿಕ್ಕ ದಿನಾನ ಬಿಟ್ತು," ಎಂದಳು ತಾಯಿ. "ಸರಕಾರದ್ದು ಅಂತ ಗೊತ್ತಿತ್ತು. ದಂಡ ಹಾಕ್ತೀರಂತ ಅಂಜಿ ಸುಮ್ಮನಿದ್ವಿರಿ."

ನಂಬರು ಬರೆದುಕೊಂಡರೆ ಸಾಕಲ್ಲವೇ ಎನ್ನುತ್ತೀರಿ. ಶರಣಪ್ಪನವರೂ ಅದನ್ನೇ ಕೇಳಿದರು. ಸಾಕಿತ್ತು. ಆದರೆ ಬಿಲ್ಲೆಯನ್ನೇ ಕೇಂದ್ರದ ಸಾಹೇಬರ ಮೇಜಿನ ಮೇಲಿಡುವ ಆಸೆ ನನಗೆ. "ಪುರಾವೆ ಬೇಕು," ಎಂದೆ. ಹುಡುಗಿ ಅಳಲಿಲ್ಲ. ಒಂದು ಕೈಯಲ್ಲಿ ಕೂದಲನ್ನು ಮೇಲೆತ್ತಿ, ಗಂಟು ಬಿಚ್ಚಲು ಅನುಕೂಲವಾಗಲೆಂದು ನನ್ನ ಮುಂದೆ ಕತ್ತು ಬಗ್ಗಿಸಿದಳು.

ಬಸ್ಸಿನಲ್ಲಿ ಶರಣಪ್ಪನವರು ಆಡಿದ್ದು ಒಂದೇ ಮಾತು: "ಮೀನಕ್ಕ ಕಟ್ಟಿ ಬಿಟ್ಟಿದ್ವಿ. ಕೂಸಿಂದು ಕಸ್ಕೊಂಡು ಬಂದ್ವಿ."

ಸಾಹೇಬರು ನನ್ನ ಕೈಕುಲುಕಿದರು. ಆ ವಾರ ನನಗೆ ಊಟ ಸೇರಲಿಲ್ಲ ಎಂದರೆ ಸುಳ್ಳಾದೀತು, ಚೆನ್ನಾಗಿಯೇ ಉಂಡೆ. ಆದರೆ ನನ್ನ ಮೇಜಿನ ಡ್ರಾಯರು ತೆರೆದಾಗಲೆಲ್ಲ ಬಿಲ್ಲೆಗಿಂತ ಮೊದಲು ಆ ಕರಿದಾರ ಕಾಣುತ್ತಿತ್ತು. ಭಾನುವಾರ, ಸಾಹೇಬರಿಗೆ ಹೇಳಿಯೇ, ಶರಣಪ್ಪನವರೊಂದಿಗೆ ಮತ್ತೆ ಹೋದೆ. ಬಿಲ್ಲೆಯನ್ನು ನಾನೇ ಕಟ್ಟಿದೆ. ಆ ಮೀನು ಎಲ್ಲಿಂದ ಹೊರಟು ಅವರ ಬಲೆಗೆ ಬಂದಿತ್ತೆಂದು ಅವರಿಗೆ ಹೇಳಿದ್ದೂ ಆಗಲೇ. ಅಂಬಿಗ ಹೊಳೆಯ ಕಡೆ ತಿರುಗಿದ.

"ಅಷ್ಟು ದೂರದಿಂದ ಬಂದಿತ್ತೇನ್ರಿ? ತಿಂದಬಿಟ್ವಲ್ಲರಿ."

ಸುದ್ದಿ ಹೊಳೆಯುದ್ದಕ್ಕೂ ಹರಡಿರಬೇಕು. ಆ ಮಳೆಗಾಲ ಮುಗಿಯುವುದರೊಳಗೆ ಕೇಂದ್ರಕ್ಕೆ ಕಾರ್ಡುಗಳು ಬರತೊಡಗಿದವು. ಒಂದರಲ್ಲಿ ಹೀಗಿತ್ತು: "ನಂಬರ ಬರದೀವಿ. ಬಿಲ್ಲಿ ಕೂಸಿಗೆ ಕಟ್ಟೀವಿ. ತಾವು ಬರೂದು ಬ್ಯಾಡ್ರಿ."

ಈಗ ಕೇಂದ್ರವಿದ್ದಲ್ಲಿ ಗಾಜಿನ ಕಟ್ಟಡವಿದೆ. ಶರಣಪ್ಪನವರಿಲ್ಲ. ಬಿಲ್ಲೆ ಹಿಂದಿರುಗಿಸಿದ್ದನ್ನು ಹೇಳಿಕೊಂಡು ನಾನು ಎಷ್ಟೋ ಕಡೆ ಹೊಗಳಿಸಿಕೊಂಡಿದ್ದೇನೆ. ಹುಡುಗಿ ಕತ್ತು ಬಗ್ಗಿಸಿದ್ದನ್ನು ಮಾತ್ರ ನುಂಗಿಬಿಡುತ್ತಿದ್ದೆ. ಇಂದು ಸಾರು ಕುದಿಯುತ್ತಿರುವಾಗ ಮಗಳಿಗೆ ಅದನ್ನೂ ಹೇಳಿದೆ. ಅವಳು ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಆ ಹುಡುಗಿ ಹೆಸರೇನಮ್ಮಾ?"

ನಾನು ಮೀನಿನ ನಂಬರು ಮಾತ್ರ ಬರೆದುಕೊಂಡಿದ್ದೆ.